ಸುರುಳಿ ಬೀಳುವವರೆಗೆ

ಚನ್ನಪಟ್ಟಣದ ಗೊಂಬೆಯನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಬಣ್ಣವನ್ನು, ಆಮೇಲೆ ಹೊಳಪನ್ನು. ಅದರ ಉರುಟನ್ನು ಗಮನಿಸುವವರು ಕಡಿಮೆ. ಮಗುವಿನ ಗಿಲಕಿಯೊಂದನ್ನು ತೆಗೆದುಕೊಂಡು ಹಿಡಿಯಿಂದ ತಲೆಯವರೆಗೆ ಬೆರಳಾಡಿಸಿ ನೋಡಿ, ಎಲ್ಲೂ ತಡೆಯುವುದಿಲ್ಲ. ಆ ನಯದ ಬಹುಪಾಲು ಉಳಿಯಿಂದ ಬಂದದ್ದು. ಉಳಿ ಹಿಡಿಯುವುದನ್ನು ಹೊಸಬರು ಹೇಗೆ ಕಲಿಯುತ್ತಾರೆ ಎಂದು ತಿಳಿಯುವ ಆಸೆಯಿಂದ ಕೆಲವು ಭಾನುವಾರ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಆ ಊರಿಗೆ ಹೋಗಿ, ಹಿರಿಯ ಉಸ್ತಾದರೊಬ್ಬರ ಶೆಡ್ಡಿನಲ್ಲಿ ಲೇತಿನ ಮುಂದೆ ನಿಂತೆ.

ಮೊಸರು ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಕಡೆಗೋಲಿಗೆ ಹಗ್ಗ ಸುತ್ತಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಳೆಯುತ್ತೇವಲ್ಲ, ಕರೆಂಟು ಬರುವ ಮುಂಚಿನ ಕೈ ಲೇತು ನಡೆಯುತ್ತಿದ್ದುದೂ ಹಾಗೆಯೇ. ಕುಶಲಕರ್ಮಿ ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಬಿಲ್ಲು ಆಡಿಸುತ್ತ, ಇನ್ನೊಂದರಲ್ಲಿ ಉಳಿ ಹಿಡಿಯುತ್ತಿದ್ದ. ಮರ ತನ್ನ ಕಡೆಗೆ ತಿರುಗಿದಾಗಷ್ಟೇ ಉಳಿ ಕೊಯ್ಯುತ್ತದೆ, ಮರಳುವಾಗ ಸುಮ್ಮನಿರಬೇಕು. ಈ ವಿದ್ಯೆ ನಮ್ಮಲ್ಲಿ ಹಳೆಯದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಇಂಥ ಹೊಯ್ಸಳರ ಗುಡಿಗಳ ಉರುಟು ಕಂಬಗಳನ್ನು ಕಲ್ಲನ್ನು ತಿರುಗಿಸಿಯೇ ಕಡೆದದ್ದೆಂದು ವಿದ್ವಾಂಸರು ಹೇಳುತ್ತಾರೆ. ಚನ್ನಪಟ್ಟಣದವರಂತೂ ತಮ್ಮ ಕಸುಬನ್ನು ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕರೆಸಿದ ಕುಶಲಕರ್ಮಿಗಳವರೆಗೆ ಒಯ್ಯುತ್ತಾರೆ. ಈ ಗೊಂಬೆಗಳ ಪಿತಾಮಹರೆನಿಸಿದ ಬಾವಾಸ್ ಮಿಯಾ ಅವರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. 2005–06ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು.

ಮರ ಆಲೆಯದು, ಕೆಲವರು ಹಾಲೆ ಎನ್ನುತ್ತಾರೆ. ಎಲೆ ಕಿತ್ತರೆ ಹಾಲು ಸುರಿಸುವ ಮರ. ಒಳಗೆ ದಂತದಂತೆ ಬಿಳುಪು, ಎಳೆ ಸಣ್ಣ, ಉಳಿಗೆ ಮೆದು. ಕಡಿದು ತಿಂಗಳುಗಟ್ಟಲೆ ಒಣಗಿಸಿದ ಮೇಲಷ್ಟೇ ಲೇತಿಗೆ ಏರಿಸುತ್ತಾರೆ.

ಉಸ್ತಾದರು ಮೊದಲ ದಿನ ಕೂಡಲೇ ಲೇತು ಶುರು ಮಾಡಲಿಲ್ಲ. ನನ್ನ ದುಪಟ್ಟಾವನ್ನು ತೆಗೆದಿಡಿಸಿದರು, ಬಳೆ ಬಿಚ್ಚಿಸಿದರು, ಜಡೆಯನ್ನು ಗಂಟು ಕಟ್ಟಿಸಿದರು. ಕಣ್ಣಿಗೆ ಕನ್ನಡಕ ಹಾಕಿಸಿದರು. ಕಡೆಯಬೇಕಾದ ಮರದ ಕೋಲನ್ನು ಲೇತಿಗೆ ಸಿಕ್ಕಿಸಿ, ಉಳಿ ಒರಗಿಸುವ ಕಬ್ಬಿಣದ ಪಟ್ಟಿಯನ್ನು ಮರಕ್ಕೆ ಒಂದು ಬೆರಳು ಅಂತರದಲ್ಲಿ ಬಿಗಿದು, ಕೋಲನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ ಎಲ್ಲೂ ತಗುಲುವುದಿಲ್ಲವೆಂದು ನೋಡಿಕೊಂಡರು. ಪಟ್ಟಿ ಸರಿಸಬೇಕಾದಾಗಲೆಲ್ಲ ಲೇತು ನಿಲ್ಲಿಸಲೇಬೇಕು ಎಂದರು. ಅವರ ಮಾತಿನಲ್ಲಿ ಗಡಸು ಕಂಡದ್ದು ಅದೊಂದು ಕಡೆ ಮಾತ್ರ.

ಆಮೇಲೆ ಉಳಿ. ಅಂಚಿನ ಹಿಂದೆ ಸಾಣೆ ಹಿಡಿದು ಇಳಿಜಾರು ಮಾಡಿದ ಒಂದು ಮುಖ ಇರುತ್ತದೆ. ಕಲಿಯುವವರು ಅಂಚನ್ನೇ ನೋಡುತ್ತಾರೆ, ಉಸ್ತಾದರು ನೋಡಿಸಿದ್ದು ಆ ಇಳಿಜಾರನ್ನು. ತಿರುಗುವ ಮರದ ಮೇಲೆ ಮೊದಲು ಅದು ಕೂರಬೇಕು. ಆಗ ಏನೂ ಕೊಯ್ಯುವುದಿಲ್ಲ, ಸುಮ್ಮನೆ ಉಜ್ಜುತ್ತದೆ. ಉಳಿಯ ಹಿಡಿಯನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ಅಂಚು ಮರಕ್ಕೆ ಇಳಿದು ಸುರುಳಿ ಏಳುತ್ತದೆ. ಇಳಿಜಾರು ಮರದ ಮೇಲೆ ಕೂತಿರುವವರೆಗೆ ಉಳಿ ಹದ್ದಿನಲ್ಲಿರುತ್ತದೆ. ಅಂಚನ್ನೇ ನೇರ ಚುಚ್ಚಿದರೆ ಮರ ಕೊಯ್ಯಿಸಿಕೊಳ್ಳುವುದಿಲ್ಲ, ಹೆರೆದು ಪುಡಿಯಾಗುತ್ತದೆ.

ನನ್ನದು ಮೂರು ಕೋಲುಗಳವರೆಗೂ ಬರೀ ಪುಡಿ. ಕೈಗೆ ಬಲ ತಾನಾಗಿಯೇ ಬಂದುಬಿಡುತ್ತಿತ್ತು. “ಬಲ ಹಾಕಬೇಡಿ ಅಮ್ಮಾ,” ಎಂದರು ಉಸ್ತಾದರು. “ಮರ ತಾನೇ ಉಳಿ ಹತ್ರ ಬರ್ತದೆ. ನೀವು ಉಳಿ ಹಿಡ್ಕೊಂಡು ಕಾಯ್ತಾ ಇರಿ.” ನಾಲ್ಕನೆಯ ಕೋಲಿನಲ್ಲಿ ಭುಜ ಸಡಿಲಿಸಿ, ತೋಳಿನ ಬದಲು ಸೊಂಟದಿಂದ ಸರಿದೆ. ಟರಟರ ಸದ್ದು ನಿಂತು ಸಣ್ಣಗೆ ಉಸ್ ಎನ್ನುವ ಸದ್ದು ಬಂತು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಬಿಳಿಯ, ಉದ್ದನೆಯ ಸುರುಳಿಯೊಂದು ಮುಂಗೈ ಮೇಲೆ ಬಂದು ಬಿತ್ತು. ಅದು ಬೆಚ್ಚಗಿತ್ತು.

ಓರೆ ಬಾಯಿಯ ಉಳಿ ಬೇರೆಯೇ ಪರೀಕ್ಷೆ. ಕೊಯ್ಯುವುದು ಅದರ ಅಂಚಿನ ನಡುವಿಗಿಂತ ಸ್ವಲ್ಪ ಕೆಳಗಿನ ಭಾಗದಿಂದ. ಮೇಲಿನ ಮೊನೆ ತಿರುಗುವ ಮರಕ್ಕೆ ತಗುಲಿದರೆ ಉಳಿ ಒಮ್ಮೆಗೇ ಒಳಗೆ ಎಳೆದುಕೊಳ್ಳುತ್ತದೆ. ನನಗೂ ಆಯಿತು: ಢಪ್ ಎಂಬ ಸದ್ದು, ಅಂಗೈಗೆ ಏಟು, ನುಣ್ಣಗಾಗಿದ್ದ ಕೋಲಿನ ಸುತ್ತ ಸ್ಕ್ರೂವಿನ ಗೆರೆಯಂಥ ಆಳದ ಗಾಯ. ಉಸ್ತಾದರು ಬಯ್ಯಲಿಲ್ಲ. ಲೇತು ನಿಲ್ಲಿಸಿ, ಅದೇ ಗಾಯದ ಮೇಲೆ ಉಳಿಯಿಟ್ಟು, ಮರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಯಾವ ಮೊನೆ ಎಲ್ಲಿ ಸಿಕ್ಕಿಕೊಂಡಿತೆಂದು ತೋರಿಸಿದರು. ತಪ್ಪನ್ನು ಹೀಗೆ ನಿಧಾನವಾಗಿ ಮತ್ತೆ ನಡೆಸಿ ತೋರಿಸುವ ಗುರು ಸಿಗುವುದು ಭಾಗ್ಯ.

ಮುಂದಿನ ಅಭ್ಯಾಸ ಮಣಿ. ಒಂದೇ ಕೋಲಿನ ಮೇಲೆ ಗೆರೆ ಹಾಕಿ, ಗೆರೆಯಲ್ಲಿ ಸೀಳು ಕೊಟ್ಟು, ನಡುವಿನ ಭಾಗವನ್ನು ಎರಡೂ ಬದಿಗೆ ಉರುಟಾಗಿ ಇಳಿಸುತ್ತ ಜಪಮಾಲೆಯಂತೆ ಸಾಲು ಮಣಿ ಮಾಡುವುದು. ಯಾವಾಗಲೂ ದಪ್ಪದಿಂದ ಸಣ್ಣಕ್ಕೆ ಇಳಿಯಬೇಕು. ಹಾಗೆ ಇಳಿದರೆ ಕೊಯ್ಯುವ ಎಳೆಗೆ ಕೆಳಗಿನ ಎಳೆಗಳ ಆಸರೆಯಿರುತ್ತದೆ. ಸಣ್ಣದರಿಂದ ಏರಿದರೆ ಎಳೆಯ ತುದಿ ಕಿತ್ತು ಬರುತ್ತದೆ. ಎಡಬದಿ ಚೆನ್ನಾಗಿ ಬಂದವರಿಗೆ ಬಲಬದಿ ಬರುವುದಿಲ್ಲ. ಒಂದೇ ಮಣಿಯ ಎರಡು ಹೆಗಲು ಸರಿಸಮ ಬರಲು ವಾರಗಳೇ ಬೇಕು. ಮುಗಿದ ಕೋಲು ಯಾವ ಗೊಂಬೆಯೂ ಆಗುವುದಿಲ್ಲ. ಅದನ್ನೇ ಮತ್ತೆ ಸಪಾಟು ಮಾಡಿ, ಇನ್ನೂ ಸಣ್ಣ ಮಣಿ ಮಾಡಿ, ಬೆರಳಷ್ಟು ಆಗುವವರೆಗೆ ಕಡೆದು ಒಲೆಗೆ ಹಾಕುತ್ತಾರೆ.

ಅರಗಿನ ಕೆಲಸ ಇದರ ನಂತರದ್ದು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ತಾಳೆಗರಿ ಒತ್ತಿ ಹರಡಿದರೆ ಹೊಳಪು. ನೋಡಲು ಮಾಟದಂತಿದೆ, ಆದರೆ ಉಳಿಯ ಕೆಲಸ ಒರಟಾಗಿದ್ದರೆ ಅರಗು ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಈ ಕಸುಬು ಉಳಿಯಬೇಕೆಂದು ನಾವೆಲ್ಲ ಬಯಸುತ್ತೇವೆ, ಗೊಂಬೆ ಕೊಳ್ಳುತ್ತೇವೆ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಅದರ ಜೊತೆಗೆ ಬೇಕಾದದ್ದು, ಕೂಲಿ ಹುಟ್ಟದ ಆ ಮೊದಲ ತಿಂಗಳುಗಳಿಗೊಂದು ಆಸರೆ. ಡಜನ್ನಿಗೆ ಇಷ್ಟೆಂದು ಕೂಲಿ ಎಣಿಸುವ ಮನೆಯಲ್ಲಿ, ಒಲೆಗೆ ಹೋಗುವ ಕೋಲನ್ನು ದಿನವಿಡೀ ಕಡೆಯುವ ಮಗುವನ್ನು ಸಾಕುವುದು ಸುಲಭವಲ್ಲ. ಕಲಿಕೆಯ ಕಾಲಕ್ಕೆ ಭತ್ಯೆ, ಅಭ್ಯಾಸಕ್ಕೆ ಮರ: ಇವೆರಡನ್ನು ಯಾರಾದರೂ ಹೊತ್ತುಕೊಂಡರೆ ಶೆಡ್ಡುಗಳಲ್ಲಿ ಎಳೆಯ ಮುಖಗಳು ಕಾಣುತ್ತವೆಂದು ನಾನು ನಂಬಿದ್ದೇನೆ.

ಕೊನೆಯ ಭಾನುವಾರ ಏಳು ಮಣಿಗಳ ಕೋಲೊಂದನ್ನು ಉಸ್ತಾದರ ಕೈಗಿಟ್ಟೆ. ಅವರು ಕಣ್ಣು ಮುಚ್ಚಿ, ಹೆಬ್ಬೆರಳ ಉಗುರನ್ನು ಸಾಲಿನುದ್ದಕ್ಕೆ ಎಳೆದರು. ಉಗುರು ಒಂದು, ಎರಡು ದಾಟಿ ಮೂರನೆಯ ಮಣಿಯ ಬಲಹೆಗಲಲ್ಲಿ ನಿಂತಿತು. ಕಣ್ಣು ತೆರೆದು, ಬುಟ್ಟಿಯಿಂದ ಇನ್ನೊಂದು ಕೋಲು ತೆಗೆದುಕೊಟ್ಟರು.