ಆರು ಕ್ವಿಂಟಲ್ ಅಡಿಕೆಗೆ ಒಂದು ಕನ್ನಡಕ

ಹೊಸ ಉಪಕರಣವೊಂದರ ಬೆಲೆಯನ್ನು ಡಾಲರಿನಲ್ಲಿ ಹೇಳಿದಾಗ ಅದು ಬರಿಯ ಅಂಕಿಯಾಗಿ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಊರಿನ ಲೆಕ್ಕಕ್ಕೆ ಇಳಿಸಿದಾಗ ಮಾತ್ರ ಅದರ ಭಾರ ತಿಳಿಯುವುದು. ಆಪಲ್ ಕಂಪನಿಯು 2024ರ ಫೆಬ್ರುವರಿ 2ರಂದು ಅಮೆರಿಕದಲ್ಲಿ ಮಾರಾಟಕ್ಕಿಟ್ಟ 'ವಿಷನ್ ಪ್ರೊ' ಎಂಬ ಹೆಡ್‌ಸೆಟ್‌ನ ಬೆಲೆ 3,499 ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು 2 ಲಕ್ಷ 90 ಸಾವಿರ ರೂಪಾಯಿ; ತೆರಿಗೆ ಬೇರೆ. ಶಿವಮೊಗ್ಗದಿಂದ ಸಾಗರದತ್ತ ಹೊರಟವರಿಗೆ ದಾರಿಯಲ್ಲಿ ಸಿಗುವ ಆಯನೂರಿನ ಬೆಳೆಗಾರನ ಭಾಷೆಯಲ್ಲಿ ಹೇಳುವುದಾದರೆ, ಆ ವರ್ಷ ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ 50 ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದರೆ ಒಂದು ಕನ್ನಡಕಕ್ಕೆ ಆರು ಕ್ವಿಂಟಲ್ ಅಡಿಕೆ. ಚೆನ್ನಾಗಿ ಫಸಲು ಬಂದ ಒಂದು ಎಕರೆ ತೋಟದ ಬೆಳೆಯಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಅದಕ್ಕೇ ಹೋಗುತ್ತದೆ. ಕೊನೆ ಕೊಯ್ಲು, ಸುಲಿತ, ಬೇಯಿಸುವಿಕೆಗಳ ಖರ್ಚನ್ನು ಇಲ್ಲಿ ಕಳೆದಿಲ್ಲ.

ಈ ಲೆಕ್ಕ ಹಾಕಿದವರು ನಾವು ಮಾತ್ರವಲ್ಲ. 2023ರ ಜೂನ್ 5ರಂದು ಕ್ಯಾಲಿಫೋರ್ನಿಯಾದಲ್ಲಿ ಈ ಉಪಕರಣವನ್ನು ಮೊದಲ ಬಾರಿಗೆ ಅನಾವರಣಗೊಳಿಸಿದಾಗ, ಜಗತ್ತಿನಾದ್ಯಂತ ಅದರ ಗುಣಕ್ಕಿಂತ ಹೆಚ್ಚಾಗಿ ಚರ್ಚೆಗೊಳಗಾದದ್ದು ಅದರ ಬೆಲೆಯೇ. ಆ ವರ್ಷವೇ ಅಕ್ಟೋಬರಿನಲ್ಲಿ ಮೆಟಾ ಕಂಪನಿಯ ಕ್ವೆಸ್ಟ್ 3 ಸಾಧನ 499 ಡಾಲರಿಗೆ ದೊರೆಯತೊಡಗಿತು. ಹೀಗಾಗಿ ಏಳು ಪಟ್ಟು ಕೊಡುವುದೇಕೆ ಎಂಬ ಪ್ರಶ್ನೆ ಸಹಜವಾಗಿತ್ತು. ವಿಷನ್ ಪ್ರೊ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಮೆಟಾದ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಅದನ್ನು ತಾವೇ ಧರಿಸಿ ನೋಡಿ, ತಮ್ಮದೇ ಮೇಲೆಂದು ವಿಡಿಯೊ ಮಾಡಿ ಹೇಳಿದರು. (ಅಂಗಡಿಯವನು ತನ್ನ ಬೆಲ್ಲ ಕಹಿ ಎಂದು ಹೇಳಿದ್ದುಂಟೇ?) ಕೊಂಡವರ ಪೈಕಿ ಕೆಲವರು ತಲೆಗೆ ಅದನ್ನು ಕಟ್ಟಿಕೊಂಡು ಕಾರು ಓಡಿಸುವ ದೃಶ್ಯಗಳು ಹರಿದಾಡಿದ್ದರಿಂದ, ಚಾಲಕರು ರಸ್ತೆಯ ಮೇಲೆಯೇ ಗಮನವಿಡಬೇಕೆಂದು ಅಮೆರಿಕದ ಅಂದಿನ ಸಾರಿಗೆ ಕಾರ್ಯದರ್ಶಿ ಪೀಟ್ ಬೂಟಿಜೆಜ್ ಎಚ್ಚರಿಸಬೇಕಾಯಿತು. ಹದಿನಾಲ್ಕು ದಿನಗಳ ವಾಪಸಾತಿ ಅವಧಿ ಮುಗಿಯುವ ಮುನ್ನವೇ ಹಲವರು ತಲೆನೋವು, ಕತ್ತುನೋವು ಎಂದು ಅಂಗಡಿಗೆ ಮರಳಿಸಿದರು. ಕೊನೆಗೆ 2024ರ ಅಕ್ಟೋಬರಿನಲ್ಲಿ ಆಪಲ್ ಮುಖ್ಯಸ್ಥ ಟಿಮ್ ಕುಕ್ ಅವರೇ, ಇಷ್ಟು ಬೆಲೆಗೆ ಇದು ಜನಸಾಮಾನ್ಯರ ವಸ್ತುವಲ್ಲ, ನಾಳೆಯ ತಂತ್ರಜ್ಞಾನವನ್ನು ಇಂದೇ ಬಯಸುವವರಿಗಾಗಿ ಇರುವಂಥದ್ದು ಎಂಬರ್ಥದ ಮಾತನ್ನಾಡಿದರು.

ಬೆಲೆಯ ಮಾತನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ದುಬಾರಿ ಎಂಬ ಒಂದೇ ಪದದಲ್ಲಿ ಈ ವಸ್ತುವಿನ ತೊಡಕು ಪೂರ್ತಿ ಅಡಗಿಲ್ಲ. ಅದಕ್ಕೆ ಮೊದಲು ಇದು ಮಾಡುವ ಕೆಲಸವೇನು ಎಂಬುದನ್ನು ತಿಳಿಯಬೇಕು.

ಕಣ್ಣನ್ನು ಪೂರ್ತಿ ಮುಚ್ಚಿ ಬೇರೊಂದು ಲೋಕವನ್ನು ತೋರಿಸುವ ಸಾಧನಗಳನ್ನು ಮಿಥ್ಯಾವಾಸ್ತವದ ಸಾಧನಗಳೆನ್ನುತ್ತಾರೆ. ಎದುರಿನ ನೋಟವನ್ನು ಉಳಿಸಿಕೊಂಡು ಅದರ ಮೇಲೆ ಚಿತ್ರ, ಅಕ್ಷರಗಳನ್ನು ಕೂರಿಸುವುದು ವರ್ಧಿತ ವಾಸ್ತವ. ಇವೆರಡರ ಬೆಸುಗೆಯೇ ಮಿಶ್ರ ವಾಸ್ತವ. ವಿಷನ್ ಪ್ರೊ ಧರಿಸಿದವರಿಗೆ ತಮ್ಮ ಕೋಣೆ, ಮೇಜು, ಎದುರಿಗೆ ಕುಳಿತ ಮನುಷ್ಯ ಎಲ್ಲವೂ ಕಾಣುತ್ತವೆ. ಆದರೆ ಅವರು ಗಾಜಿನ ಮೂಲಕ ನೋಡುತ್ತಿರುವುದಿಲ್ಲ ಎಂಬುದೇ ಇಲ್ಲಿನ ಸೋಜಿಗ. ಹೊರಮೈಯಲ್ಲಿರುವ ಕ್ಯಾಮೆರಾಗಳು ಎದುರಿನ ದೃಶ್ಯವನ್ನು ಹಿಡಿಯುತ್ತವೆ. ಅದಕ್ಕೆಂದೇ ಮೀಸಲಾದ ಆರ್1 ಎಂಬ ಚಿಪ್ ಆ ದೃಶ್ಯವನ್ನು 12 ಮಿಲಿಸೆಕೆಂಡುಗಳಲ್ಲಿ ಒಳಗಿನ ಪರದೆಗೆ ತಲುಪಿಸುತ್ತದೆ. ತಡವಾದರೆ ತಲೆ ತಿರುಗಿಸಿದಾಗ ಲೋಕ ಹಿಂದೆ ಉಳಿದಂತಾಗಿ ವಾಂತಿ ಬರುತ್ತದೆ. ಒಳಗಿರುವ ಪರದೆಗಳು ಕಣ್ಣಿಗೊಂದರಂತೆ ಎರಡು. ಅಂಚೆ ಚೀಟಿಯ ಗಾತ್ರದ ಅವೆರಡರಲ್ಲಿ ಸೇರಿ 2 ಕೋಟಿ 30 ಲಕ್ಷ ಚಿತ್ರಬಿಂದುಗಳಿವೆ. ಪ್ರತಿ ಕಣ್ಣಿಗೂ ಮನೆಯ 4ಕೆ ಟೀವಿಗಿಂತ ಹೆಚ್ಚು ಬಿಂದುಗಳು ಎಂದಾಯಿತು. ಈ ಪರದೆಗಳೇ ಬೆಲೆಯ ಬಹುಪಾಲನ್ನು ನುಂಗುವ ಭಾಗಗಳಲ್ಲಿ ಮುಖ್ಯವಾದವು. ಕೀಲಿಮಣೆ, ಮೌಸ್ ಬೇಕಿಲ್ಲ; ನೋಡಿದ್ದು ಆಯ್ಕೆಯಾಗುತ್ತದೆ, ಹೆಬ್ಬೆರಳು ಮತ್ತು ತೋರುಬೆರಳನ್ನು ಚಿವುಟಿದರೆ ತೆರೆದುಕೊಳ್ಳುತ್ತದೆ. ನೋಟ ಯಾವ ಕಡೆಗಿದೆ ಎಂಬುದನ್ನು ಒಳಗಿನ ಅವಗೆಂಪು ದೀಪಗಳೂ ಕ್ಯಾಮೆರಾಗಳೂ ಗಮನಿಸುತ್ತಿರುತ್ತವೆ.

ಇನ್ನು ತಲೆನೋವಿನ ಸಂಗತಿ. ಮೊದಲ ಮಾದರಿಯ ತೂಕ 600ರಿಂದ 650 ಗ್ರಾಮ್. ಸುಲಿದ ಒಂದು ದಪ್ಪ ತೆಂಗಿನಕಾಯಿಯನ್ನು ಮೂಗಿನ ಮೇಲೆ ಕಟ್ಟಿಕೊಂಡಂತೆ. ಅದೂ ಬ್ಯಾಟರಿಯನ್ನು ಬೇರ್ಪಡಿಸಿ, ತಂತಿಯ ತುದಿಯಲ್ಲಿ ಜೇಬಿಗೆ ಇಳಿಬಿಟ್ಟ ಮೇಲೆ ಉಳಿದ ತೂಕ. ಆ ಬ್ಯಾಟರಿ ಬಾಳುವುದು ಸುಮಾರು ಎರಡು ಗಂಟೆ. ನಮ್ಮ ಒಂದು ಸಿನಿಮಾ ಮುಗಿಯುವುದು ಕಷ್ಟ. ತೂಕಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವೂ ಇದೆ. ಹತ್ತಿರದ ವಸ್ತುವನ್ನು ನೋಡುವಾಗ ನಮ್ಮ ಎರಡೂ ಕಣ್ಣುಗಳು ಮೂಗಿನ ಕಡೆಗೆ ತಿರುಗುತ್ತವೆ, ಜೊತೆಗೇ ಕಣ್ಣಿನ ಮಸೂರವೂ ಉಬ್ಬಿ ಆ ದೂರಕ್ಕೆ ಹೊಂದಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಈ ಎರಡು ಕ್ರಿಯೆಗಳು ಜೋಡೆತ್ತಿನಂತೆ ಒಟ್ಟಿಗೆ ನಡೆದಿವೆ. ಹೆಡ್‌ಸೆಟ್ಟಿನೊಳಗೆ ಚಿತ್ರ ಹತ್ತಿರ ಬಂದಂತೆ ಕಂಡು ಕಣ್ಣು ತಿರುಗಿದರೂ ಮಸೂರ ಹೊಂದಿಕೊಳ್ಳಬೇಕಾದ ದೂರ ಮಾತ್ರ ಬದಲಾಗುವುದೇ ಇಲ್ಲ. ಒಂದು ಎತ್ತು ನಡೆದು ಇನ್ನೊಂದು ನಿಂತರೆ ನೊಗ ನೋಯುತ್ತದೆ. ಬೆಲೆ ಇಳಿದ ಮಾತ್ರಕ್ಕೆ ನೀಗುವ ತೊಂದರೆ ಇದಲ್ಲ. ಅಗ್ಗದ ಹೆಡ್‌ಸೆಟ್ಟುಗಳಲ್ಲೂ ಇದು ಇದೆ.

ಹೊಸ ವಸ್ತು ಬಂದಾಗಲೆಲ್ಲ ದುಬಾರಿ ಎನ್ನುವುದು ಹಳೆಯ ಪರಿಪಾಠ, ಕಾಲಕ್ರಮದಲ್ಲಿ ಎಲ್ಲವೂ ಅಗ್ಗವಾಗುತ್ತದೆ ಎಂಬುದು ಈ ಉಪಕರಣದ ಪರವಾಗಿರುವವರು ಮುಂದಿಡುವ ಬಲವಾದ ವಾದ. ಅವರ ಕೈಯಲ್ಲಿ ಒಳ್ಳೆಯ ನಿದರ್ಶನವೂ ಇದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು, ಬಂದ ಕರೆಗೂ ಹಣ ತೆರಬೇಕಿತ್ತು. ಇಂದು ಆಯನೂರಿನ ಸಂತೆಯಲ್ಲಿ ಸೊಪ್ಪು ಮಾರುವವರ ಬಳಿಯೂ ಮೊಬೈಲ್ ಇದೆ. ಕನ್ನಡಕವೂ ಹಾಗೆಯೇ ಬರಲಿದೆ ಎಂದು ನಂಬಲು ಅಡ್ಡಿಯೇನು?

ಅಡ್ಡಿ ಇದೆ. ನಮ್ಮಲ್ಲಿ ದುಬಾರಿ ವಸ್ತುಗಳು ಅಗ್ಗವಾಗುವುದಕ್ಕೆ ಮೊದಲು ಮತ್ತೊಂದು ಹಂತವನ್ನು ದಾಟಿವೆ. ಅದು ಹಂಚಿಕೊಳ್ಳುವ ಹಂತ.

ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ರೇಡಿಯೊ ಇಟ್ಟುಕೊಳ್ಳುವವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದ ಕಾಲವದು. ಸುತ್ತಲ ಹಳ್ಳಿಗಳಲ್ಲಿ ಎಲ್ಲ ಮನೆಗಳಲ್ಲೂ ರೇಡಿಯೊ ಇರಲಿಲ್ಲ, ಆದರೆ ಕೇಳುಗರಿದ್ದರು. ಪಂಚಾಯಿತಿ ಕಟ್ಟೆಯದೋ ಹೋಟೆಲಿನದೋ ಒಂದು ಪೆಟ್ಟಿಗೆ ಊರಿಗೆಲ್ಲ ವಾರ್ತೆ ಹೇಳುತ್ತಿತ್ತು. ದೂರದರ್ಶನದ ಕಥೆಯಂತೂ ಇನ್ನೂ ಸ್ಪಷ್ಟ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೊ 'ಸೈಟ್' ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟೀವಿ ಒದಗಿಸಲಾಯಿತು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಟೀವಿಯನ್ನು ಕೊಳ್ಳುವ ಶಕ್ತಿ ಆ ಹಳ್ಳಿಗಳ ಯಾರಿಗೂ ಇರಲಿಲ್ಲ; ನೋಡಿದವರು ಮಾತ್ರ ಊರಿನವರೆಲ್ಲ. ಮುಂದೆ 1987ರಲ್ಲಿ ಭಾನುವಾರದ 'ರಾಮಾಯಣ' ಬಂದಾಗ, ಬೀದಿಯಲ್ಲಿ ಟೀವಿಯಿದ್ದ ಒಂದು ಮನೆಯ ನಡುಮನೆ ತುಂಬಿ, ಜಗಲಿ ತುಂಬಿ, ಕಿಟಕಿಯ ಸರಳುಗಳಿಗೆ ಮಕ್ಕಳು ಜೋತುಬೀಳುತ್ತಿದ್ದುದು ಆ ತಲೆಮಾರಿನವರೆಲ್ಲರ ನೆನಪು. ಟೀವಿಯ ಬೆಲೆಯನ್ನು ಐವತ್ತು ಮಂದಿಗೆ ಹಂಚಿ ನೋಡಿ, ಅದು ದುಬಾರಿಯಾಗಿರಲಿಲ್ಲ. ಮೊಬೈಲಿಗೂ ಮುನ್ನ ಎಸ್‌ಟಿಡಿ ಬೂತ್ ಇತ್ತು. ಹೀಗೆ ಪಕ್ಕದ ಮನೆಯಲ್ಲಿ ನೋಡಿ, ಕೇಳಿ, ಕೈಯಾಡಿಸಿ ಬಯಕೆ ಹುಟ್ಟಿದ ಮೇಲೆಯೇ ಜನ ಕೊಂಡದ್ದು. ಕೊಳ್ಳುವವರು ಹೆಚ್ಚಾದ ಮೇಲೆಯೇ ಬೆಲೆ ಇಳಿದದ್ದು.

ಈ ಮಾತನ್ನು ಚೆನ್ನಾಗಿ ಅರಿತಿದ್ದವರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಗಣಕವನ್ನು ಪ್ರದರ್ಶಿಸಿದರು. ಗುರಿಯಿಟ್ಟ ಬೆಲೆ ಸುಮಾರು 9 ಸಾವಿರ ರೂಪಾಯಿ. ಹಳ್ಳಿಯ ಒಬ್ಬನಿಗೆ ಅದು ಹೆಚ್ಚೇ ಎಂದು ತಿಳಿದೇ ಅವರು ಅದರಲ್ಲಿ ಸ್ಮಾರ್ಟ್ ಕಾರ್ಡಿಗೆ ಜಾಗ ಬಿಟ್ಟಿದ್ದರು. ಗಣಕ ಊರಿನದು, ಕಾರ್ಡ್ ತನ್ನದು. ಕಾರ್ಡ್ ತೂರಿಸಿದರೆ ತನ್ನ ವಿವರ ತೆರೆದುಕೊಳ್ಳುತ್ತದೆ, ತೆಗೆದರೆ ಮುಂದಿನವನ ಸರದಿ. ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುವ ಏರ್ಪಾಡೂ ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾದರಿ 10 ಸಾವಿರ ರೂಪಾಯಿಯ ಆಸುಪಾಸಿನಿಂದ ಆರಂಭವಾಗುವ ಬೆಲೆಗೆ ಅಂಗಡಿಗೆ ಬಂತು. ಬಡವರಿಗೆ ದುಬಾರಿ, ಇದ್ದವರಿಗೆ ಸಪ್ಪೆ ಎಂಬ ಟೀಕೆಗೆ ಸಿಲುಕಿ, ಅಷ್ಟರಲ್ಲಿ ಅಗ್ಗವಾಗತೊಡಗಿದ್ದ ಮೊಬೈಲಿನ ಎದುರು ನಿಲ್ಲಲಾಗದೆ ಅದು ಮರೆಯಾಯಿತು. ಹಂಚಿಕೊಳ್ಳಲು ಬಂದ ಮಾತ್ರಕ್ಕೆ ವಸ್ತುವೊಂದು ಗೆಲ್ಲುವುದಿಲ್ಲ ಎಂಬುದಕ್ಕೆ ಇದನ್ನೇ ಸಾಕ್ಷಿಯಾಗಿ ಹೇಳಬಹುದು, ಅದನ್ನು ಅಲ್ಲಗಳೆಯಲಾರೆವು. ಆದರೆ ಪ್ರಶ್ನೆಯನ್ನು ಅವರು ಸರಿಯಾಗಿಯೇ ಕೇಳಿಕೊಂಡಿದ್ದರು.

ವಿಷನ್ ಪ್ರೊ ತಯಾರಿಸಿದವರು ಆ ಪ್ರಶ್ನೆಯನ್ನು ಕೇಳಿಕೊಂಡಂತಿಲ್ಲ. ಇದನ್ನು ಕೊಳ್ಳುವಾಗ ಮೊದಲು ಮುಖದ ಅಳತೆ ಕೊಡಬೇಕು. ಬೆಳಕು ತಡೆಯುವ ಮೆತ್ತೆ, ತಲೆಪಟ್ಟಿ ಎರಡೂ ಆ ಅಳತೆಯಂತೆ ಬರುತ್ತವೆ. ದೃಷ್ಟಿದೋಷವಿದ್ದವರು 99 ಇಲ್ಲವೇ 149 ಡಾಲರ್ ತೆತ್ತು ತಮ್ಮ ಕಣ್ಣಿನ ಮಸೂರವನ್ನೇ ಹಾಕಿಸಿಕೊಳ್ಳಬೇಕು. ಅದು ಪಕ್ಕದವನ ಕಣ್ಣಿಗೆ ಆಗಿಬರುವುದಿಲ್ಲ. ಅತಿಥಿಗೆ ತೋರಿಸುವ ಸೌಲಭ್ಯವಿದೆಯಾದರೂ, ಆತನ ಕಣ್ಣು ಮತ್ತು ಕೈಗಳನ್ನು ಉಪಕರಣಕ್ಕೆ ಹೊಸದಾಗಿ ಪರಿಚಯಿಸಬೇಕು. ಐವತ್ತು ಮಂದಿಯ ಜಗಲಿಗೆ ಇದು ಒಗ್ಗುವುದಾದರೂ ಹೇಗೆ? ಒಳಗಿರುವವನು ಕಂಡು ಬೆರಗಾದದ್ದು ಹೊರಗಿರುವವನಿಗೆ ಕಾಣುವುದೇ ಇಲ್ಲ. ಹೊರಗಿರುವವನಿಗೆ ಕಾಣುವುದು ಗಾಳಿಯನ್ನು ಚಿವುಟುತ್ತಿರುವ ಒಬ್ಬ ಮನುಷ್ಯ.

ಈ ಒಂಟಿತನ ಅವರಿಗೆ ತಿಳಿಯದೇ ಇಲ್ಲ. ಅದಕ್ಕೆಂದೇ ಹೆಡ್‌ಸೆಟ್ಟಿನ ಹೊರಮೈಗೂ ಒಂದು ಪರದೆ ಕೂರಿಸಿ, ಧರಿಸಿದವರ ಕಣ್ಣುಗಳ ಚಿತ್ರವನ್ನು ಅದರಲ್ಲಿ ಮೂಡಿಸಿದರು. ಆ ಕಣ್ಣುಗಳು ಮಂಕಾಗಿವೆ, ಭೂತದಂತಿವೆ ಎಂಬ ಟೀಕೆ ಅಮೆರಿಕದಲ್ಲೇ ಬಂತು. ಮುಖ ಕೊಟ್ಟು ಮಾತಾಡು ಎಂದು ಹಿರಿಯರು ಗದರುವ ನಾಡಿನಲ್ಲಿ, ಮನೆಗೆ ಬಂದವರೆದುರು ಕಣ್ಣಿನ ಚಿತ್ರವನ್ನಿಟ್ಟುಕೊಂಡು ಕೂರುವುದನ್ನು ಯಾರು ಮೆಚ್ಚುತ್ತಾರೆಂದು ಬೇರೆ ಹೇಳಬೇಕಿಲ್ಲ.

ಬೆಲೆಯೇ ಎಲ್ಲವೂ ಆಗಿದ್ದರೆ ಗೂಗಲ್ ಕಂಪನಿಯ 'ಕಾರ್ಡ್‌ಬೋರ್ಡ್' ಗೆಲ್ಲಬೇಕಿತ್ತು. 2014ರಲ್ಲಿ ಬಂದ ಅದು ಅಕ್ಷರಶಃ ರಟ್ಟಿನ ಪೆಟ್ಟಿಗೆ. ಎರಡು ಮಸೂರಗಳ ಎದುರು ನಮ್ಮದೇ ಮೊಬೈಲನ್ನು ಸಿಕ್ಕಿಸಿ ನೋಡುವುದು. ಕೆಲವು ನೂರು ರೂಪಾಯಿಗೆ ಸಿಗುತ್ತಿತ್ತು. ಒಂದೂವರೆ ಕೋಟಿ ಪೆಟ್ಟಿಗೆಗಳು ಜನರ ಕೈಸೇರಿದವೆಂದು ಗೂಗಲ್ ಹೇಳಿತ್ತು. ಆದರೂ 2021ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ಎಲ್ಲರೂ ಒಮ್ಮೆ ನೋಡಿ ಹೌದೇ ಎಂದರು, ಮರುದಿನ ಅಟ್ಟಕ್ಕೆ ಹಾಕಿದರು. ಮೇಲಿನ ತುದಿಯಲ್ಲಿ ಮೈಕ್ರೊಸಾಫ್ಟ್‌ನ 3,500 ಡಾಲರಿನ ಹೊಲೊಲೆನ್ಸ್ 2 ಕೂಡ 2024ರಲ್ಲಿ ತಯಾರಿಕೆ ನಿಲ್ಲಿಸಿತು. ಅಗ್ಗವೂ ನಿಲ್ಲಲಿಲ್ಲ, ದುಬಾರಿಯೂ ನಿಲ್ಲಲಿಲ್ಲ.

ಹಾಗಾದರೆ ಇದಕ್ಕೆ ನಮ್ಮಲ್ಲಿ ಜಾಗವೇ ಇಲ್ಲವೇ? ಇದೆ, ಆದರೆ ಮನೆಯೊಳಗಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. 2024ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಧರಿಸಿ ಉದರದರ್ಶಕ ಶಸ್ತ್ರಚಿಕಿತ್ಸೆಗಳನ್ನು ಪ್ರಾಯೋಗಿಕವಾಗಿ ಮಾಡಿದರು. ಚೆನ್ನೈನ ಜೆಮ್ ಆಸ್ಪತ್ರೆಯಲ್ಲೂ ಅಂಥ ಬಳಕೆ ನಡೆಯಿತು. ಗೋಡೆಯ ಬದಿಯ ಪರದೆಯತ್ತ ಗಂಟೆಗಟ್ಟಲೆ ಕತ್ತು ತಿರುಗಿಸಿ ನಿಲ್ಲುವ ಬದಲು ಚಿತ್ರ ಕಣ್ಣೆದುರಿಗೇ ಬಂದರೆ ವೈದ್ಯರಿಗೆ ಅನುಕೂಲ. ಅಲ್ಲಿ ಕನ್ನಡಕ ಒಬ್ಬನದಾದರೂ ಫಲ ಮೇಜಿನ ಮೇಲೆ ಮಲಗಿರುವ ರೋಗಿಗೆ ಸಲ್ಲುತ್ತದೆ. ಬೆಲೆ ನೂರಾರು ರೋಗಿಗಳ ನಡುವೆ ಹಂಚಿಹೋಗುತ್ತದೆ.

ದುಬಾರಿ ಯಂತ್ರವನ್ನು ಕೊಳ್ಳದೆ ಬಳಸುವ ದಾರಿ ಮಲೆನಾಡಿನ ರೈತರಿಗೆ ಹೊಸದಲ್ಲ. 2014-15ರಿಂದ ರಾಜ್ಯದಲ್ಲಿ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರ್ಯಾಕ್ಟರು, ನಾಟಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿವೆ. ಅಡಿಕೆ ಮರ ಹತ್ತುವವರು ಸಿಗದಿರುವ ಈ ದಿನಗಳಲ್ಲಿ, ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಔಷಧ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಯನ್ನು ಪ್ರತಿಯೊಬ್ಬ ಬೆಳೆಗಾರನೂ ಕೊಳ್ಳುವುದಿಲ್ಲ. ದೋಟಿಯಿರುವ ತಂಡವನ್ನು ಕರೆಸುತ್ತಾನೆ. ಮಿಶ್ರ ವಾಸ್ತವವೂ ಆಯನೂರಿನ ದಾರಿಗೆ ಬರುವುದಿದ್ದರೆ ಹೀಗೆಯೇ ಬರಬೇಕು. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಆನಂದಪುರದ ಬಳಿಯ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಎಲೆಚುಕ್ಕೆ ರೋಗ ಅಡಿಕೆಯ ಎಲೆಯೊಳಗೆ ಹಬ್ಬುವ ಬಗೆಯನ್ನು ಅಲ್ಲಿಯ ವಿದ್ಯಾರ್ಥಿ ಎಲೆಯೊಳಗೇ ಹೊಕ್ಕಂತೆ ನೋಡಬಹುದಾದರೆ ಆರು ಕ್ವಿಂಟಲ್ ಅಡಿಕೆಯ ಲೆಕ್ಕ ಬೇರೆಯೇ ಆಗುತ್ತದೆ. ಆದರೆ ಅಂಥ ಪಾಠವನ್ನು ಕನ್ನಡದಲ್ಲಿ ಯಾರಾದರೂ ಸಿದ್ಧಪಡಿಸಬೇಕು. ವಿಷನ್ ಪ್ರೊ ಮಾರಾಟಕ್ಕೆ ಬಂದ ದಿನ ಅದರ ಕೀಲಿಮಣೆಗೂ ಧ್ವನಿ ಸಹಾಯಕ್ಕೂ ತಿಳಿದಿದ್ದುದು ಅಮೆರಿಕದ ಇಂಗ್ಲಿಷ್ ಒಂದೇ.

2025ರ ಅಕ್ಟೋಬರಿನಲ್ಲಿ ಆಪಲ್ ಹೆಚ್ಚು ವೇಗದ ಎಂ5 ಚಿಪ್ಪಿನೊಡನೆ ಹೊಸ ಮಾದರಿ ತಂದಿತು. ಬೆಲೆ ಅದೇ 3,499 ಡಾಲರ್. ತೂಕ ಇಳಿಯುವ ಬದಲು 750ರಿಂದ 800 ಗ್ರಾಮಿಗೇರಿತು. ಅದೇ ತಿಂಗಳು ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಕ್ಸ್ಆರ್ ಸಾಧನವನ್ನು 1,799 ಡಾಲರಿಗೆ ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಅದಕ್ಕೆ ಒಂದು ತಿಂಗಳು ಮೊದಲು, ಸೆಪ್ಟೆಂಬರ್ 2ರಂದು ಬೆಂಗಳೂರಿನ ಹೆಬ್ಬಾಳದಲ್ಲಿ ಆಪಲ್ ತನ್ನ ಮಳಿಗೆಯನ್ನು ತೆರೆದಾಗ, ಭಾರತದಲ್ಲಿ ಮಾರುವ ವಸ್ತುಗಳ ಪಟ್ಟಿಯಲ್ಲಿ ವಿಷನ್ ಪ್ರೊ ಇರಲಿಲ್ಲ. ಒಮ್ಮೆ ತಲೆಗೆ ಹಾಕಿ ನೋಡಬೇಕೆಂಬ ಆಸೆಯಿದ್ದ ಕನ್ನಡಿಗರಿಗೆ ಆಗ ಇದ್ದ ಹತ್ತಿರದ ಅಂಗಡಿಗಳೆಂದರೆ ದುಬೈನದು ಅಥವಾ ಸಿಂಗಪುರದ್ದು.