ತಿರುವಿನಲ್ಲಿ ಮೊದಲು ಜಾರುವುದು ಯಾವ ಟೈರು?

ಅಮೆರಿಕದ ಶೆವ್ರೊಲೆ ಕಂಪನಿ 1960ರ ಮಾದರಿಯಾಗಿ ಕಾರ್ವೇರ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಅದರ ಟೈರುಗಳಿಗೆ ಎಷ್ಟು ಗಾಳಿ ಇರಬೇಕು ಎಂಬುದಕ್ಕೆ ಕಂಪನಿ ಕೊಟ್ಟ ಲೆಕ್ಕ ನೋಡಿ: ಮುಂದಿನವಕ್ಕೆ 15 ಪಿಎಸ್‌ಐ, ಹಿಂದಿನವಕ್ಕೆ 26. ನಾಲ್ಕೂ ಒಂದೇ ಅಳತೆಯ ಟೈರುಗಳು. ಆದರೂ ಮುಂದಿನ ಎರಡಕ್ಕೆ ಗಾಳಿ ಸೋರಿ ಹೋಗಿದೆಯೇನೋ ಅನ್ನಿಸುವಷ್ಟು ಕಡಿಮೆ. ಈ ಸೂಚನೆ ಎಷ್ಟೋ ಮಾಲೀಕರ ಕಣ್ಣಿಗೆ ಬೀಳಲಿಲ್ಲ. ಪೆಟ್ರೋಲ್ ಬಂಕುಗಳಲ್ಲಿ ಬೇರೆಲ್ಲ ಕಾರುಗಳಿಗೆ ಹಾಕುವಂತೆ ಇದಕ್ಕೂ ನಾಲ್ಕು ಚಕ್ರಕ್ಕೆ ಒಂದೇ ಪ್ರಮಾಣದ ಗಾಳಿ ಹಾಕಿ ಕಳಿಸುತ್ತಿದ್ದರು.

ಮುಂದಿನ ಟೈರುಗಳು ಗಾಳಿ ತುಂಬಿ ಗಟ್ಟಿಯಾದಾಗ ತಿರುವಿನಲ್ಲಿ ಅವು ಮೊದಲಿಗಿಂತ ಚುರುಕಾಗಿ ರಸ್ತೆಯನ್ನು ಕಚ್ಚಿದವು. ಹಿಡಿತ ಹೆಚ್ಚಿದ್ದರಿಂದ ಕಾರು ಇನ್ನಷ್ಟು ಸುರಕ್ಷಿತವಾಗಬೇಕಿತ್ತು. ಆಗಿದ್ದು ಉಲ್ಟಾ. ವೇಗದ ತಿರುವಿನಲ್ಲಿ ಹಿಂಬದಿ ಜಾರಿ ಕಾರು ಗಿರಕಿ ಹೊಡೆಯುವ ಅಪಾಯ ಏರಿತು.

ನಮ್ಮೂರುಗಳಲ್ಲಿ ಇವತ್ತು ದಪ್ಪ ಟೈರು, ಅಲಾಯ್ ವೀಲ್, ಕಾರು ತಗ್ಗಿಸುವ ಸ್ಪ್ರಿಂಗ್ ಹಾಕಿಸುವವರಿಗೆ ಅಂಗಡಿಯಲ್ಲಿ ಸಿಗುವ ಭರವಸೆ ಒಂದೇ: ‘ಗ್ರಿಪ್ ಜಾಸ್ತಿ ಆಗುತ್ತೆ.’ ಆಗಲೂಬಹುದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹೆಚ್ಚಿದ್ದು ಮುಂದೆಯೋ ಹಿಂದೆಯೋ? ಹಿಡಿತ ಮುಗಿದಾಗ ಯಾವ ತುದಿ ಮೊದಲು ಕೈಕೊಡುತ್ತದೆ?

ಲೆಕ್ಕವನ್ನು ರಸ್ತೆಯಿಂದಲೇ ಶುರುಮಾಡೋಣ. ಜನರೂ ಸೇರಿ 1200 ಕಿಲೋ ತೂಗುವ ಒಂದು ಕಾರು. ಸರಳವಾಗಿರಲೆಂದು ಪ್ರತಿ ಚಕ್ರಕ್ಕೆ 300 ಕಿಲೋ ಎಂದಿಟ್ಟುಕೊಳ್ಳಿ. 32 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಒತ್ತಡ. ಭಾಗಿಸಿದರೆ ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ 133 ಚದರ ಸೆಂಟಿಮೀಟರ್, ಅಂದಾಜು ಒಂದು ಅಂಗೈಯಷ್ಟು. ಇಡೀ ಕಾರನ್ನು ರಸ್ತೆಯ ಮೇಲೆ ಹಿಡಿದಿಡುವುದು ಇಂಥ ನಾಲ್ಕು ತುಣುಕು ರಬ್ಬರ್.

ಈಗ ಈ ಕಾರು ಘಾಟಿಯ ಒಂದು ತಿರುವಿಗೆ ಬರುತ್ತದೆ. ತಿರುವಿನ ತ್ರಿಜ್ಯ 25 ಮೀಟರ್, ವೇಗ ಗಂಟೆಗೆ 40 ಕಿ.ಮೀ. ಆ ದಾರಿಯಲ್ಲಿ ಉಳಿಯಬೇಕಾದರೆ ನಾಲ್ಕೂ ಟೈರು ಸೇರಿ ಕಾರಿನ ತೂಕದ ಅರ್ಧದಷ್ಟು, ಅಂದರೆ 600 ಕಿಲೋದಷ್ಟು ಬಲದಿಂದ ಅದನ್ನು ಒಳಮಗ್ಗುಲಿಗೆ ಎಳೆಯಬೇಕು. ಅದೇ ತಿರುವನ್ನು 50ರಲ್ಲಿ ತೆಗೆದುಕೊಂಡರೆ ಬೇಕಾಗುವ ಬಲ ಹತ್ತಿರಹತ್ತಿರ 950 ಕಿಲೋ. ಮುಳ್ಳು ಹತ್ತೇ ಕಿ.ಮೀ. ಏರಿದ್ದು; ಟೈರಿನ ಮೇಲಿನ ಬೇಡಿಕೆ ಒಂದೂವರೆ ಪಟ್ಟು ದಾಟಿತು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ಇದನ್ನೂ ತಡೆದೀತು. ಆಗುಂಬೆಯ ಜಡಿಮಳೆಯಲ್ಲಿ ಸವೆದ ಟೈರಿನಿಂದ ಇದು ಆಗದ ಮಾತು.

ಟೈರು ಈ ಅಡ್ಡಬಲವನ್ನು ಎಲ್ಲಿಂದ ತರುತ್ತದೆ? ಮಕ್ಕಳ ಪೆನ್ಸಿಲ್ ರಬ್ಬರೊಂದನ್ನು ಮೇಜಿನ ಮೇಲೆ ಒತ್ತಿ ಪಕ್ಕಕ್ಕೆ ತಳ್ಳಿ ನೋಡಿ. ಜಾರುವುದಕ್ಕೆ ಮೊದಲು ಅದು ಬಾಗುತ್ತದೆ, ಬಾಗಿದಷ್ಟೂ ಎದುರು ತಳ್ಳುತ್ತದೆ. ಟೈರಿನ ಹೊರಪದರವೂ ಹೀಗೆಯೇ. ತಿರುವಿನಲ್ಲಿ ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜಕ್ಕೂ ಸಾಗುವ ದಿಕ್ಕಿಗೂ ಕೆಲವು ಡಿಗ್ರಿಗಳ ಅಂತರ ಇದ್ದೇ ಇರುತ್ತದೆ. ಆ ಅಂತರವೇ ರಬ್ಬರನ್ನು ಬಾಗಿಸಿ ಅಡ್ಡಬಲ ಹುಟ್ಟಿಸುವುದು. ಅಂತರ ಬೆಳೆದಂತೆ ಬಲವೂ ಬೆಳೆಯುತ್ತದೆ, ಒಂದು ಹಂತದಲ್ಲಿ ತುದಿ ಮುಟ್ಟುತ್ತದೆ, ಅಲ್ಲಿಂದಾಚೆಗೆ ಟೈರು ಜಾರುತ್ತದೆ. ಗಾಳಿ ಕಡಿಮೆಯಿರುವ ಟೈರಿನ ಮಗ್ಗುಲು ಮೆತ್ತಗಿರುವುದರಿಂದ ಅಷ್ಟೇ ಬಲ ಕೊಡಲು ಅದು ಹೆಚ್ಚು ಓರೆಯಾಗಬೇಕಾಗುತ್ತದೆ. ಕಾರ್ವೇರ್‌ನ 15 ಪಿಎಸ್‌ಐ ಮಾಡುತ್ತಿದ್ದ ಕೆಲಸ ಇದೇ.

ಇನ್ನೊಂದು ಸಂಗತಿ ಇದೆ. ಸಸ್ಪೆನ್ಷನ್‌ನ ಅರ್ಧ ಮರ್ಮ ಅದರಲ್ಲೇ ಅಡಗಿದೆ. ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ರಬ್ಬರ್ ಆ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಉದಾಹರಣೆಗೆ 300 ಕಿಲೋ ಹೊತ್ತ ಟೈರು 270 ಕಿಲೋ ಅಡ್ಡಬಲ ಕೊಡುತ್ತದೆ ಎನ್ನೋಣ. ಹಾಗಿದ್ದರೆ ಒಂದು ಜೋಡಿಯಿಂದ 540. ಈಗ ಒಂದರಿಂದ 150 ಕಿಲೋ ತೆಗೆದು ಇನ್ನೊಂದರ ಮೇಲೆ ಹೇರಿ. ಹಗುರಾದದ್ದು 147 ಕೊಟ್ಟರೆ ಭಾರವಾದದ್ದು 370ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡೂ ಸೇರಿ 517. ಹೊತ್ತ ಭಾರ ಒಟ್ಟಾರೆ ಬದಲಾಗಿಲ್ಲ, ಹಿಡಿತ ಮಾತ್ರ ಇಳಿದಿದೆ. ಅಂಕಿಗಳು ಟೈರಿನಿಂದ ಟೈರಿಗೆ ಬೇರೆಯಾದಾವು, ಇಳಿಕೆ ಮಾತ್ರ ತಪ್ಪುವುದಿಲ್ಲ.

ಪ್ರತಿ ತಿರುವಿನಲ್ಲೂ ಹೀಗೆ ಭಾರ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಸರಿಯುತ್ತದೆ. ನಮ್ಮ ಕಾರಿನ ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದ್ದು, ಎಡಬಲ ಚಕ್ರಗಳ ನಡುವೆ 145 ಸೆಂಟಿಮೀಟರ್ ಅಂತರವಿದ್ದರೆ, 40ರ ಆ ತಿರುವಿನಲ್ಲಿ ಸುಮಾರು 230 ಕಿಲೋ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ದಾಟುತ್ತದೆ. ಬಹಳ ಜನ ಇದನ್ನು ಕಾರಿನ ವಾಲಾಟದ ಜೊತೆ ಬೆರೆಸಿ ನೋಡುತ್ತಾರೆ. ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಕಾರು ವಾಲುವುದು ಕಡಿಮೆಯಾಗುತ್ತದೆ, ಆದರೆ ಆ 230 ಕಿಲೋದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರುವುದಿಲ್ಲ. ಅದನ್ನು ಇಳಿಸಲು ಕಾರನ್ನು ತಗ್ಗಿಸಬೇಕು, ಇಲ್ಲವೇ ಚಕ್ರಗಳನ್ನು ಅಗಲಕ್ಕೆ ಇಡಬೇಕು.

ಹಾಗಾದರೆ ಸ್ಪ್ರಿಂಗು, ಸ್ಟೆಬಿಲೈಸರ್ ಬಾರುಗಳು ನಿರ್ಧರಿಸುವುದು ಏನನ್ನು? ಆ 230 ಕಿಲೋದಲ್ಲಿ ಮುಂದಿನ ಜೋಡಿಗೆ ಎಷ್ಟು ಪಾಲು, ಹಿಂದಿನ ಜೋಡಿಗೆ ಎಷ್ಟು ಎಂಬುದನ್ನು. ಸ್ಟೆಬಿಲೈಸರ್ ಬಾರ್ ಎಂದರೆ ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಬೆಸೆಯುವ ಒಂದು ಬಾಗಿದ ಉಕ್ಕಿನ ಸರಳು. ಕಾರು ವಾಲಿದಾಗ ಅದು ತಿರುಚಿಕೊಂಡು ಅಡ್ಡಿ ಮಾಡುತ್ತದೆ. ಮುಂದೆ ದಪ್ಪ ಸರಳು ಹಾಕಿದರೆ ಭಾರದ ವರ್ಗಾವಣೆಯ ದೊಡ್ಡ ಪಾಲು ಮುಂದೆಯೇ ನಡೆಯುತ್ತದೆ. ಮುಂದಿನ ಹೊರಟೈರು ಮಿತಿಮೀರಿ ಹೊರುತ್ತದೆ. ಮುಂದಿನ ಜೋಡಿಯ ಒಟ್ಟು ಹಿಡಿತ ತಗ್ಗಿ ಕಾರಿನ ಮೂತಿ ತಿರುವಿನಿಂದ ಹೊರಕ್ಕೆ ಸರಿಯುತ್ತದೆ. ದಪ್ಪ ಸರಳು ಹಿಂದೆ ಹಾಕಿದರೆ ಹಿಂಬದಿ ಹೊರಕ್ಕೆ ಬೀಸುತ್ತದೆ.

ಎರಡೂ ಜಾರುವಿಕೆಯೇ, ಆದರೆ ಎರಡರ ನಡುವೆ ಅಜಗಜಾಂತರ. ಮುಂದೆ ಜಾರಿದಾಗ ಗಾಬರಿಯಾದ ಡ್ರೈವರ್ ಸಹಜವಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾನೆ. ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ಮತ್ತೆ ಹಿಡಿದುಕೊಳ್ಳುತ್ತದೆ. ಹಿಂದೆ ಜಾರಿದಾಗ ಅದೇ ಕಾಲು ತೆಗೆಯುವಿಕೆ ಹಿಂಬದಿಯನ್ನು ಇನ್ನೂ ಹಗುರಾಗಿಸಿ ಜಾರಿಕೆಯನ್ನು ಹೆಚ್ಚಿಸುತ್ತದೆ. ಆಗ ಕ್ಷಣಾರ್ಧದಲ್ಲಿ ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸುವ ಅಭ್ಯಾಸ ಬೇಕು, ರೇಸ್ ಕಲಿತವರಿಗಲ್ಲದೆ ಅದು ಯಾರಿಗೂ ಇರುವುದಿಲ್ಲ. ಆದ್ದರಿಂದ ಸಂಸಾರದ ಕಾರುಗಳನ್ನು ಮುಂದಿನ ಟೈರೇ ಮೊದಲು ಸೋಲುವಂತೆ ರೂಪಿಸುತ್ತಾರೆ.

ಕಾರ್ವೇರ್‌ನ ಎಂಜಿನ್ ಹಿಂದಿತ್ತು, ತೂಕದ ಶೇಕಡ 60ಕ್ಕೂ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲಿತ್ತು. ಹಿಂದಿನ ಆಕ್ಸಲ್‌ನ ಎರಡು ಅರ್ಧಗಳು ನಡುವಿನ ಗೇರುಪೆಟ್ಟಿಗೆಯ ಬಳಿ ಮಾತ್ರ ಕೀಲುಗೊಂಡಿದ್ದವು. ಜೋರು ತಿರುವಿನಲ್ಲಿ ಹಿಂಬದಿ ಮೇಲೆದ್ದರೆ ಹೊರಗಿನ ಚಕ್ರ ಕಾರಿನ ಅಡಿಗೆ ಮಡಚಿಕೊಂಡಂತೆ ಓರೆಯಾಗುತ್ತಿತ್ತು, ಅದು ನೆಲಕ್ಕೆ ತಾಗುವ ಜಾಗವೇ ಕಿರಿದಾಗುತ್ತಿತ್ತು. ಆ ದೌರ್ಬಲ್ಯವನ್ನು ಮುಚ್ಚಿದ್ದು ಸಸ್ಪೆನ್ಷನ್ ಅಲ್ಲ, ಮುಂದಿನ ಟೈರಿನ ಮೆತ್ತನೆಯ 15 ಪಿಎಸ್‌ಐ. ಕಾರಿನ ಸುರಕ್ಷೆಯನ್ನು ಗಾಳಿ ಹಾಕುವವನ ಕೈಗೆ ಒಪ್ಪಿಸಿದ್ದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. 1964ರ ಮಾದರಿಯಲ್ಲಿ ಮುಂದೆ ಸ್ಟೆಬಿಲೈಸರ್ ಬಾರ್, ಹಿಂದೆ ಅಡ್ಡಲಾಗಿ ಒಂದು ಪಟ್ಟೆ ಸ್ಪ್ರಿಂಗ್ ಬಂತು. 1965ಕ್ಕೆ ಹಿಂದಿನ ಸಸ್ಪೆನ್ಷನ್ ಹೊಸದೇ ಆಯಿತು. ಅದೇ ವರ್ಷ ಅಮೆರಿಕದ ವಕೀಲ ರಾಲ್ಫ್ ನೇಡರ್ ತಮ್ಮ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯವನ್ನು ಈ ಕಾರಿಗೇ ಮೀಸಲಿಟ್ಟರು. 1972ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯ ಪರೀಕ್ಷಾ ವರದಿ ಕಾರ್ವೇರ್ ಅದರ ಕಾಲದ ಇತರ ಕಾರುಗಳಿಗಿಂತ ಕಡೆಯಲ್ಲ ಎಂದಿತು ಎಂಬುದನ್ನೂ ಹೇಳಬೇಕು. ಅಷ್ಟರಲ್ಲಿ, 1969ಕ್ಕೇ, ಅದರ ತಯಾರಿಕೆ ನಿಂತಿತ್ತು.

ಹಿಡಿತ ಹೆಚ್ಚಿದರೆ ಇನ್ನೊಂದು ಅಪಾಯವಿದೆ: ಕಾರು ಜಾರದೆ ಮಗುಚುವುದು. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ‘ಟೆಕ್ನಿಕೆನ್ಸ್ ವಾರ್ಲ್ಡ್’ ಪತ್ರಿಕೆ ಮರ್ಸಿಡಿಸ್‌ನ ಹೊಚ್ಚ ಹೊಸ ಎ-ಕ್ಲಾಸ್ ಕಾರನ್ನು ಪರೀಕ್ಷಿಸಿತು. ದೊಡ್ಡ ಪ್ರಾಣಿಯೊಂದು ಅಡ್ಡ ಬಂತೆಂದು ಭಾವಿಸಿ ಪಕ್ಕದ ಲೇನಿಗೆ ಹೊರಳಿ ಕೂಡಲೇ ಮರಳುವ ಪರೀಕ್ಷೆ ಅದು. ಕಾರು ಮಗುಚಿ ಬಿತ್ತು. ಮರ್ಸಿಡಿಸ್ ಕೆಲವು ವಾರ ಕಾರು ವಿತರಣೆಯನ್ನೇ ನಿಲ್ಲಿಸಿ ಸಸ್ಪೆನ್ಷನ್ ಬದಲಿಸಿತು, ಟೈರು ಬದಲಿಸಿತು, ಜಾರಿಕೆ ಶುರುವಾದಾಗ ಚಕ್ರಗಳಿಗೆ ತಾನಾಗಿ ಬ್ರೇಕ್ ಹಾಕುವ ಇಎಸ್‌ಪಿ ವ್ಯವಸ್ಥೆಯನ್ನು ಎಲ್ಲ ಎ-ಕ್ಲಾಸ್ ಕಾರುಗಳಿಗೂ ಅಳವಡಿಸಿತು.

ಮಗುಚುವಿಕೆಯ ಲೆಕ್ಕ ಸುಲಭ. ಎಡಬಲ ಚಕ್ರಗಳ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ನಮ್ಮ ಉದಾಹರಣೆಯ ಕಾರಿಗೆ 1.3 ಬರುತ್ತದೆ; ಎತ್ತರದ ಎಸ್‌ಯುವಿಗಳಲ್ಲಿ 1.0ರ ಹತ್ತಿರಕ್ಕೂ ಇಳಿಯಬಹುದು. ಹೊತ್ತ ಭಾರದಿಂದ ಭಾಗಿಸಿದ ಟೈರಿನ ಹಿಡಿತ ಈ ಸಂಖ್ಯೆಯನ್ನು ಮುಟ್ಟದಿದ್ದರೆ ಸಮತಟ್ಟಾದ ರಸ್ತೆಯಲ್ಲಿ ಗಾಡಿ ಜಾರುತ್ತದೆ, ಮೀರಿದರೆ ಉರುಳುತ್ತದೆ. ಜೀಪನ್ನು ಎತ್ತರಿಸಿ, ಮೇಲೆ ಕ್ಯಾರಿಯರ್ ತುಂಬಿ, ಹಿಡಿತ ಹೆಚ್ಚಿನ ದಪ್ಪ ಟೈರು ಹಾಕಿಸುವವರು ದಯವಿಟ್ಟು ಈ ಭಾಗಾಕಾರವನ್ನೊಮ್ಮೆ ಮಾಡಿ ನೋಡಬೇಕು.

ಕಾರು ತಗ್ಗಿಸುವುದು ಹಾಗಾದರೆ ಒಳ್ಳೆಯದೇ? ರೇಸ್ ಟ್ರ್ಯಾಕಿನಲ್ಲಿ ಹೌದು. ನಮ್ಮ ಬಹುತೇಕ ಕಾರುಗಳ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯ ಸಸ್ಪೆನ್ಷನ್ ಇದೆ. ಅದನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ತೋಳಿನ ಕೋನ ಕೆಟ್ಟು, ಕಾರು ವಾಲಿದಾಗ ಹೊರಗಿನ ಚಕ್ರ ರಸ್ತೆಗೆ ನೆಟ್ಟಗೆ ಕೂರುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡುವ ಜಾಗವೂ ಕಮ್ಮಿ. ತಿರುವಿನ ನಡುವೆ ಒಂದು ಗುಂಡಿ ಸಿಕ್ಕರೆ ಸಸ್ಪೆನ್ಷನ್ ತಳ ಹೊಡೆದು, ಆ ಚಕ್ರದ ಹಿಡಿತ ಒಮ್ಮೆಲೇ ಹಾರಿಹೋಗುತ್ತದೆ.

ದಪ್ಪ ಟೈರಿನ ವಿಷಯದಲ್ಲೂ ತಿಳಿವಳಿಕೆ ಅರ್ಧಂಬರ್ಧ. ಭಾರ ಮತ್ತು ಗಾಳಿ ಅಷ್ಟೇ ಇದ್ದರೆ ನೆಲಕ್ಕೆ ತಾಗುವ ಜಾಗವೂ ಸುಮಾರಾಗಿ ಅಷ್ಟೇ. ಆಕಾರ ಮಾತ್ರ ಉದ್ದ ಕಮ್ಮಿಯಾಗಿ ಅಗಲವಾಗುತ್ತದೆ. ಮಗ್ಗುಲು ಗಿಡ್ಡವಾಗಿ ಗಟ್ಟಿಯಾಗುವುದರಿಂದ ಸ್ಟೇರಿಂಗ್ ಚುರುಕಾಗುತ್ತದೆ, ಒಣ ರಸ್ತೆಯಲ್ಲಿ ಹಿಡಿತವೂ ಹೆಚ್ಚೀತು. ನೀರು ನಿಂತ ರಸ್ತೆಯಲ್ಲಿ ಅದೇ ಅಗಲದ ಟೈರು ನೀರನ್ನು ಬದಿಗೆ ತಳ್ಳಲಾಗದೆ ಬೇಗ ತೇಲುತ್ತದೆ. ಅಳತೆ ಬದಲಿಸಲೇಬೇಕೆಂದರೆ ಹೊರವ್ಯಾಸವನ್ನು ಕಾಪಾಡಿಕೊಳ್ಳಿ. 175/65 ಆರ್14 ಟೈರಿನ ವ್ಯಾಸ 583 ಮಿಲಿಮೀಟರ್, 185/55 ಆರ್15ರದ್ದು 584.5, ಇಷ್ಟು ಹತ್ತಿರವಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಟೈರು ಮಡ್‌ಗಾರ್ಡಿಗೂ ಉಜ್ಜುವುದಿಲ್ಲ.

ನನ್ನನ್ನು ಕೇಳಿದರೆ ಕಿತ್ತುಹೋದ ಘಾಟಿ ರಸ್ತೆಗೆ ಮೊದಲು ದುಡ್ಡು ಹಾಕಬೇಕಾದ್ದು ಶಾಕ್ ಅಬ್ಸಾರ್ಬರಿಗೆ. ಆಯಿಲ್ ಸೋರಿ ಸತ್ತ ಶಾಕ್ ಇದ್ದರೆ ತಿರುವಿನ ಉಬ್ಬುತಗ್ಗುಗಳಲ್ಲಿ ಚಕ್ರ ಕುಪ್ಪಳಿಸುತ್ತದೆ, ನೆಲ ಬಿಟ್ಟ ಗಳಿಗೆಯಲ್ಲಿ ಆ ಟೈರಿನ ಹಿಡಿತ ಸೊನ್ನೆ. ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಗಾಳಿಯ ಪ್ರಮಾಣ ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಟೈರು ತಣ್ಣಗಿದ್ದಾಗ ಅದರಂತೆ ಹಾಕಿಸಿ, ಮುಂದೆ ಹಿಂದೆ ಬೇರೆ ಬೇರೆ ಅಂಕಿ ಇದ್ದರೆ ಬೇರೆ ಬೇರೆಯಾಗಿಯೇ.

ಇನ್ನು, ಸದ್ಯಕ್ಕೆ ಎರಡೇ ಹೊಸ ಟೈರು ಕೊಳ್ಳಲು ಸಾಧ್ಯ ಎನ್ನುವವರಿಗೆ ಒಂದು ಮಾತು. ಎಂಜಿನ್ನೂ ಸ್ಟೇರಿಂಗೂ ಮುಂದಿವೆ ಎಂದು ಅಂಗಡಿಯವರು ಹೊಸ ಜೋಡಿಯನ್ನು ಮುಂದಕ್ಕೆ ಹಾಕಲು ಹೊರಡುತ್ತಾರೆ. ಹಾಗೆ ಮಾಡಿದರೆ ಮಳೆಯಲ್ಲಿ ಮೊದಲು ಜಾರುವುದು ಹಿಂಬದಿ. ಹೊಸದನ್ನು ಹಿಂದಕ್ಕೆ ಹಾಕಿಸಿ, ಹಿಂದಿದ್ದ ಒಳ್ಳೆಯ ಜೋಡಿಯನ್ನು ಮುಂದಕ್ಕೆ ತನ್ನಿ. ಟೈರು ಕಂಪನಿಗಳೂ ಇದನ್ನೇ ಹೇಳುತ್ತವೆ. ಮುಂದಕ್ಕೆ ಬಂದ ಟೈರಿನ ಗೀರುಗಳ ಆಳ ಕಾನೂನಿನ ಮಿತಿಯಾದ 1.6 ಮಿಲಿಮೀಟರಿಗೆ ಇಳಿಯುವಷ್ಟರಲ್ಲಿ ಅದನ್ನೂ ಬದಲಿಸಿಬಿಡಿ.