ಇಂಗ್ಲಿಷಿನ ಪ್ರಥಮಪಾಠದಲ್ಲಿ ಕಾರಕವಿಚಾರ

ಕನ್ನಡವು ಮನೆಮಾತಾಗಿರುವ ವಿದ್ಯಾರ್ಥಿಯು ಇಂಗ್ಲಿಷ್ ವ್ಯಾಕರಣದ ಮೊದಲ ಮೆಟ್ಟಲಲ್ಲಿಯೇ ಎಡವುವುದುಂಟು. ಇದನ್ನು ಬುದ್ಧಿಮಾಂದ್ಯವೆಂದೆಣಿಸುವುದು ಸರಿಯಲ್ಲ. ಶಬ್ದಗಳ ಪರಸ್ಪರ ಸಂಬಂಧವನ್ನು ಆ ಭಾಷೆಯು ಯಾವ ಸಾಧನದಿಂದ ತಿಳಿಸುವುದೆಂಬುದನ್ನು ಅವನಿಗೆ ಮೊದಲು ಹೇಳಿಕೊಡದಿರುವುದೇ ಇದಕ್ಕೆ ಮುಖ್ಯ ಕಾರಣವು.

ಕನ್ನಡದಲ್ಲಿ ಈ ಕಾರ್ಯವು ವಿಭಕ್ತಿಪ್ರತ್ಯಯಗಳದು. “ಬೇಡನು ಹುಲಿಯನ್ನು ಕೊಂದನು” ಎಂದರೂ “ಹುಲಿಯನ್ನು ಬೇಡನು ಕೊಂದನು” ಎಂದರೂ ಸತ್ತದ್ದು ಹುಲಿಯೇ. “ದಿ ಹಂಟರ್ ಕಿಲ್ಡ್ ದಿ ಟೈಗರ್” ಎಂಬ ವಾಕ್ಯದಲ್ಲಾದರೋ ಎರಡು ನಾಮಪದಗಳ ಸ್ಥಾನವನ್ನು ಪಲ್ಲಟಿಸಿದೊಡನೆ ಸತ್ತವನು ಬೇಡನಾಗುತ್ತಾನೆ. ಇಂತಹ ಕರ್ತರಿಪ್ರಯೋಗದಲ್ಲಿ ಕ್ರಿಯಾಪದಕ್ಕೆ ಪೂರ್ವದ ಸ್ಥಾನವು ಕರ್ತೃವನ್ನೂ ಅನಂತರದ ಸ್ಥಾನವು ಕರ್ಮವನ್ನೂ ಸೂಚಿಸುವುದು. ಕ್ರಿ. ಶ. ೧೧೦೦ಕ್ಕೆ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ರೂಪಗಳಿದ್ದುವು. ಕಾಲಕ್ರಮದಲ್ಲಿ ಅಂತ್ಯಾಕ್ಷರಗಳು ಸವೆದುವು. ಈಗ ನಾಮಪದಗಳಲ್ಲಿ ಷಷ್ಠಿಯ ಸಕಾರವೂ ಸರ್ವನಾಮಗಳಲ್ಲಿ “ಹೀ”, “ಹಿಮ್” ಮುಂತಾದ ರೂಪಭೇದಗಳೂ ಮಾತ್ರ ಉಳಿದಿವೆ.

ವಿಲಿಯಂ ಬುಲ್ಲೋಕರನು ೧೫೮೬ರಲ್ಲಿ ಪ್ರಕಟಿಸಿದ ಇಂಗ್ಲಿಷಿನ ಮೊದಲ ವ್ಯಾಕರಣವು ಲ್ಯಾಟಿನ್ ವ್ಯಾಕರಣದ ಮಾದರಿಯನ್ನು ಅನುಸರಿಸಿತು. ಪರಭಾಷೆಯ ಅಚ್ಚಿನಲ್ಲಿ ಒಂದು ಭಾಷೆಯನ್ನು ಎರೆಯುವ ಈ ಅಭ್ಯಾಸವು ಬಾಲಪಾಠದಲ್ಲಿಯೂ ತಲೆದೋರುತ್ತದೆ. ಕನ್ನಡದ ಒಂದೊಂದು ಪ್ರತ್ಯಯಕ್ಕೆ ಇಂಗ್ಲಿಷಿನ ಒಂದೊಂದು ಶಬ್ದವನ್ನು ಹುಡುಗನು ಬಾಯಿಪಾಠ ಮಾಡುತ್ತಾನೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪಂಚಮಿಗೆ “ಅತ್ತಣಿಂ” ಎಂದು ಬೇರೆ ಪ್ರತ್ಯಯವನ್ನು ಹೇಳಿದ್ದರೂ, ಬಳಕೆಯ ಕನ್ನಡದಲ್ಲಿ “ಇಂದ” ಎಂಬುದೊಂದೇ ಹಲವು ಅರ್ಥಗಳನ್ನು ಹೊರುವುದು. “ಬೇಡನಿಂದ ಕೊಲ್ಲಲ್ಪಟ್ಟಿತು” ಎಂಬಲ್ಲಿ “ಬೈ”, “ಕೊಡಲಿಯಿಂದ ಕಡಿದನು” ಎಂಬಲ್ಲಿ “ವಿತ್”, “ಊರಿನಿಂದ ಬಂದನು” ಎಂಬಲ್ಲಿ “ಫ್ರಮ್” ಬರತಕ್ಕದ್ದು. ಪ್ರತ್ಯಯವನ್ನು ನಂಬಿದವನು ಇಲ್ಲಿ ದಾರಿ ತಪ್ಪುವನು.

ಕಾರಕವನ್ನು ನೋಡಿದವನಿಗೆ ಈ ತೊಡಕಿಲ್ಲ. ಮೊದಲನೆಯದು ಕರ್ತೃ, ಎರಡನೆಯದು ಕರಣ, ಮೂರನೆಯದು ಅಪಾದಾನ. ಕಾರಕವೇ ಬೇರೆ, ವಿಭಕ್ತಿಯೇ ಬೇರೆ ಎಂಬುದು ಪಾಣಿನೀಯ ವ್ಯಾಕರಣದ ಸಿದ್ಧಾಂತವು. ಕರ್ಮಣಿಪ್ರಯೋಗದಲ್ಲಿ ಕರ್ತೃವು ತೃತೀಯೆಯಲ್ಲಿ ಬಂದರೂ ಕರ್ತೃವಾಗಿಯೇ ಉಳಿಯುವುದು ಇದಕ್ಕೆ ನಿದರ್ಶನ. ವಿಭಕ್ತಿರೂಪಗಳು ಭಾಷೆಯಿಂದ ಭಾಷೆಗೆ ಬದಲಾಗುವುವು. ಮಾಡಿದವನಾರು, ಏನನ್ನು, ಯಾವ ಸಾಧನದಿಂದ, ಎಲ್ಲಿಂದ ಎಂಬ ಪ್ರಶ್ನೆಗಳನ್ನಾದರೋ ಎರಡು ಭಾಷೆಗಳಲ್ಲಿಯೂ ಕೇಳಬಹುದು.

ಕ್ರಿಯಾಪದದ ವಿಷಯದಲ್ಲಿಯೂ ಎಚ್ಚರ ಬೇಕು. “ಬಂದೆನು” ಎಂಬೊಂದೇ ಪದದಲ್ಲಿ ಪುರುಷವೂ ವಚನವೂ ಅಡಗಿರುವುದರಿಂದ ಕನ್ನಡದಲ್ಲಿ ಕರ್ತೃಪದವನ್ನು ಬಿಡಬಹುದು. “ಕೇಮ್” ಎಂಬುದು ನಾನು, ನೀನು, ಅವನು, ಅವರು ಎಂಬೆಲ್ಲಕ್ಕೂ ಸಮಾನವಾದುದರಿಂದ ಅಲ್ಲಿ ಕರ್ತೃಪದವು ಸಾಮಾನ್ಯವಾಗಿ ಅವಶ್ಯವು. “ಕತ್ತಲಾಯಿತು” ಎಂಬುದಕ್ಕೆ ಸಹ “ಇಟ್ ಬಿಕೇಮ್ ಡಾರ್ಕ್” ಎಂದು, ಅರ್ಥವಿಲ್ಲದ “ಇಟ್” ಶಬ್ದವನ್ನು ಕರ್ತೃಸ್ಥಾನದಲ್ಲಿ ನಿಲ್ಲಿಸಬೇಕಾಗುವುದು. ಆಜ್ಞಾರ್ಥದ ವಾಕ್ಯಗಳು ಈ ನಿಯಮಕ್ಕೆ ಅಪವಾದ.

ಆದುದರಿಂದ ಮೊದಲು ಕನ್ನಡವಾಕ್ಯದಲ್ಲಿ ಕಾರಕಗಳನ್ನು ಗುರುತಿಸುವುದು, ಬಳಿಕ ಇಂಗ್ಲಿಷಿನ ಪದಕ್ರಮವನ್ನು ಅಭ್ಯಾಸಮಾಡಿಸುವುದು, ಆಮೇಲೆ “ಬೈ”, “ವಿತ್”, “ಫ್ರಮ್” ಮೊದಲಾದ ಸಂಬಂಧಸೂಚಕಗಳನ್ನು ಕಲಿಸುವುದು ಯುಕ್ತವಾದ ಕ್ರಮ. ಹೀಗೆ ಕಲಿತ ಬಾಲಕನಿಗೆ ತಾಯ್ನುಡಿಯು ಇಂಗ್ಲಿಷಿನ ದಾರಿಯಲ್ಲಿ ಅಡ್ಡಿಯಾಗದೆ ಊರೆಗೋಲಾಗುವುದು. ತನ್ನ ಭಾಷೆಯ ವ್ಯಾಕರಣವೂ ಅವನಿಗೆ ಆಗಲೇ ಕಣ್ಣಿಗೆ ಬೀಳುವುದು.